ಒತ್ತಡದ ಪೆಟ್ಟಿಗೆ: ಕೊನೆಗೂ ಕೆಂಪು ದೀಪ ಆರಿತು

ಮೂರು ವಾರದಿಂದ ಕಾಟ ಕೊಡುತ್ತಿದ್ದ ಕೆಂಪು ಎಲ್‌ಇಡಿ ನಿನ್ನೆ ರಾತ್ರಿ ತಾನಾಗಿಯೇ ಆರಿತು. ನಾನು ಸಿಟ್ಟಿಗೆ ವೈರ್ ಕಿತ್ತು ಆರಿಸಿದ್ದಲ್ಲ, ಆಣೆಗೂ.

ಹೊಸಬರಿಗೆ ಎರಡೇ ಮಾತು. ದೇಹದ ಒತ್ತಡದ ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರ್ ಚುಚ್ಚುವ ಹಲಗೆ) ಮೇಲೆ ಕಟ್ಟುತ್ತಿದ್ದೇನೆ. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಸಿಆರ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ, ಅದರ ಮಾತಿಗೆ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನ್ ಬಿಡುತ್ತದೆ, ಅದರ ಮಾತಿಗೆ ಅಡ್ರಿನಲ್ ಗ್ರಂಥಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಬಿಡುತ್ತದೆ. ಒಂದೊಂದಕ್ಕೂ ಒಂದು ಕೆಪಾಸಿಟರ್ (ವಿದ್ಯುತ್ ತುಂಬಿಡುವ ಬಕೆಟ್), ಒಂದು ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್), ಒಂದು ದೀಪ. ಕೆಂಪು ದೀಪ ಕಾರ್ಟಿಸಾಲ್‌ನದು. ಬೋರ್ಡಿನ 1 ಸೆಕೆಂಡ್ ಅಂದರೆ ದೇಹದ 1 ನಿಮಿಷ.

ರಕ್ತದಲ್ಲಿ ಕಾರ್ಟಿಸಾಲ್ ಅರ್ಧಕ್ಕೆ ಇಳಿಯಲು 60ರಿಂದ 90 ನಿಮಿಷ ಬೇಕು. 1000 ಮೈಕ್ರೋಫ್ಯಾರಡ್ ಕೆಪಾಸಿಟರ್, 100 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ 69 ಸೆಕೆಂಡ್ ಸಿಗುತ್ತದೆ. ಲೆಕ್ಕ ಚೆನ್ನಾಗಿತ್ತು, ಅಂಗಡಿಯಿಂದ ಬಂದ ಕೆಪಾಸಿಟರ್ ಪೊಟ್ಟಣ ಚೆನ್ನಾಗಿರಲಿಲ್ಲ. ಚೀಟಿ ಮೇಲೆ 1000, ಒಳಗೆ 100. ಏಳೇ ಸೆಕೆಂಡಿಗೆ ಕಾರ್ಟಿಸಾಲ್ ಅರ್ಧ! ಒತ್ತಡ ಅನ್ನೋದು ಸೀನಿದಷ್ಟು ಹೊತ್ತಿನ ಕೆಲಸ ಆಗಿಬಿಟ್ಟಿತ್ತು. ಅಂಗಡಿಯವನನ್ನು ಕೇಳಿದರೆ "ಎರಡೂ ಒಂದೇ ಥರ ಕೆಲಸ ಮಾಡುತ್ತೆ ಸಾರ್" ಅಂದ ಪುಣ್ಯಾತ್ಮ.

ಸರಿಯಾದ ಮಾಲು ಬಂದ ಮೇಲೆ ಅಸಲಿ ತಲೆನೋವು ಶುರುವಾಯಿತು. ಒತ್ತಡದ ಬಟನ್ ಒತ್ತಿದರೆ ಕೆಂಪು ಏರುತ್ತದೆ, ಏರುತ್ತಲೇ ಇರುತ್ತದೆ, ಆಮೇಲೆ ಪಾತಾಳಕ್ಕೆ ಬೀಳುತ್ತದೆ, ಯಾರೂ ಮುಟ್ಟದಿದ್ದರೂ ಮತ್ತೆ ಏರುತ್ತದೆ. ಉಯ್ಯಾಲೆ. ಫೀಡ್‌ಬ್ಯಾಕ್, ಅಂದರೆ ಕಾರ್ಟಿಸಾಲೇ ಹಿಂದಕ್ಕೆ ಹೋಗಿ ಮೇಲಿನವರಿಗೆ 'ಸಾಕು' ಅನ್ನುವ ಬ್ರೇಕ್, ಜಾಸ್ತಿ ಮಾಡಿದರೆ ಇನ್ನೂ ಜೋರಾಗಿ ತೂಗುತ್ತದೆ, ಕಡಿಮೆ ಮಾಡಿದರೆ ಇಳಿಯುವುದೇ ಇಲ್ಲ. ಕಾರಣ ಸರಳ, ನನಗೆ ಹೊಳೆಯಲಿಲ್ಲ ಅಷ್ಟೇ. ನಾನು ಹಾಕಿದ್ದು ನಿಧಾನದ ಬ್ರೇಕ್ ಒಂದೇ. ಕಾರ್ಟಿಸಾಲ್ ಜೀವಕೋಶದ ಒಳಗೆ ಹೋಗಿ, ಜೀನ್‌ಗಳನ್ನು ಏಳಿಸಿ ಮಲಗಿಸಿ ಮಾಡುವ ಕೆಲಸಕ್ಕೆ ಹತ್ತಾರು ನಿಮಿಷ, ಕೆಲವೊಮ್ಮೆ ಗಂಟೆಗಳೇ ಬೇಕು. ಅಷ್ಟರಲ್ಲಿ ಗಾಡಿ ಎಲ್ಲಿಗೋ ಹೋಗಿರುತ್ತದೆ.

ದೇಹಕ್ಕೆ ಇನ್ನೊಂದು ಬ್ರೇಕ್ ಇದೆ, ಅದು ದೇಹದ್ದೇ ಕ್ಯಾನಬಿನಾಯ್ಡ್‌ಗಳದ್ದು, ಅಂದರೆ ಗಾಂಜಾದಲ್ಲಿರುವಂಥ ವಸ್ತುಗಳನ್ನು ದೇಹ ತಾನೇ ಮಾಡಿಕೊಳ್ಳುತ್ತದೆ. 2003ರಲ್ಲಿ ಇಲಿಯ ಮೆದುಳಿನ ಚೂರುಗಳಲ್ಲಿ ಇದನ್ನು ತೋರಿಸಿದರು. ಒತ್ತಡದ ಸ್ಟೀರಾಯ್ಡ್ ತಾಗಿಸಿದರೆ ಹೈಪೋಥಲಾಮಸ್‌ನ ನರಕೋಶಗಳಿಗೆ ಬರುವ ಗ್ಲುಟಮೇಟ್ (ನರಕೋಶವನ್ನು ಕೆರಳಿಸುವ ರಾಸಾಯನಿಕ) ಕೆಲವೇ ನಿಮಿಷದಲ್ಲಿ ಕಡಿಮೆಯಾಗುತ್ತದೆ. ಕ್ಯಾನಬಿನಾಯ್ಡ್ ಬಂದು ಕೂರುವ ಸಿಬಿ1 ರಿಸೆಪ್ಟರ್ ಮುಚ್ಚಿಬಿಟ್ಟರೆ ಹೀಗೆ ಆಗುವುದಿಲ್ಲ.

ಓದಿದ್ದೇ ತಡ, 'ಕ್ಯಾನಬಿನಾಯ್ಡ್' ಅಂತ ಒಂದು ಪಾಟ್ (ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್) ತಂದು ಸಿಆರ್‌ಎಚ್‌ನ ಔಟ್‌ಪುಟ್‌ಗೆ ಕಟ್ಟಿದೆ. ಈಗ ಬಟನ್ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ! ಇದು ಬ್ರೇಕ್ ಅಲ್ಲ, ಚಕ್ರದ ಕೆಳಗಿಟ್ಟ ಕಲ್ಲು. ಒಂದು ವಾರ ಇದರಲ್ಲೇ ಹೋಯಿತು.

ತಪ್ಪು ಎರಡು ಕಡೆ ಇತ್ತು. ಮೊದಲನೆಯದು ವೈರ್. ಸಿಆರ್‌ಎಚ್ ಕೋಶ ಈ ವಸ್ತುವನ್ನು ಕೂಡಿಟ್ಟುಕೊಂಡಿರುವುದಿಲ್ಲ, ಬೇಕಾದಾಗ ತನ್ನ ಪೊರೆಯ ಕೊಬ್ಬಿನಿಂದಲೇ ಮಾಡಿ ಹಿಂದಕ್ಕೆ ಕಳಿಸುತ್ತದೆ, ಗ್ಲುಟಮೇಟ್ ಬಿಡುವ ನರತುದಿಗೆ. ಕೇಳಿಸಿಕೊಳ್ಳುವವನೇ ಹೇಳುವವನ ಬಾಯಿ ಮುಚ್ಚಿಸಿದ ಹಾಗೆ. ಅಂದರೆ ವೈರ್ ಹೋಗಬೇಕಾದ್ದು ಇನ್‌ಪುಟ್‌ಗೆ, ಔಟ್‌ಪುಟ್‌ಗೆ ಅಲ್ಲ.

ಎರಡನೆಯದು ನನ್ನ ಸೋಮಾರಿತನ. ಇಲ್ಲಿರುವುದು ಒಂದಲ್ಲ, ಎರಡು ವಸ್ತು. ಮೊದಲನೆಯದು ಅನಾಂಡಮೈಡ್, ಅದು ಮೆದುಳಿನಲ್ಲಿ ಭಯ ನೋಡಿಕೊಳ್ಳುವ ಅಮಿಗ್ಡಾಲದಲ್ಲಿ ಮೊದಲಿನಿಂದಲೂ ಒತ್ತಡದ ಬಾಗಿಲು ಮುಚ್ಚಿ ಹಿಡಿದುಕೊಂಡು ನಿಂತಿರುತ್ತದೆ. ಒತ್ತಡ ಬಂದ ಕೂಡಲೇ ಎಫ್‌ಎಎಎಚ್ ಎಂಬ ಕಿಣ್ವ ಅದನ್ನು ತಿಂದು ಹಾಕುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಕಾರ್ಟಿಸಾಲ್ ಏರಿದ ಮೇಲೆ ಎರಡನೆಯ ವಸ್ತು 2-ಎಜಿ ಬರುತ್ತದೆ, ಬ್ರೇಕ್ ಒತ್ತುವುದು ಅದು. ಇಬ್ಬರನ್ನೂ ಒಂದೇ ಪಾಟ್‌ಗೆ ತುರುಕಿದ್ದೆ. ಅಂದ ಹಾಗೆ, 1992ರಲ್ಲಿ ಜೆರುಸಲೇಮಿನ ತಂಡ ಅನಾಂಡಮೈಡ್ ಕಂಡುಹಿಡಿದು ಹೆಸರಿಟ್ಟಿದ್ದು ನಮ್ಮ 'ಆನಂದ'ದಿಂದಲೇ. ಕಷ್ಟ ಬಂದರೆ ಮೊದಲು ಕಾಲು ಕೀಳುವುದೂ ಅದೇ, ಒಳ್ಳೆ ಹೆಸರೇ ಇಟ್ಟಿದ್ದಾರೆ ಅಲ್ವಾ?

ಬಿಡಿಸಿ ಕಟ್ಟಿದೆ. ಬಟನ್ ಒತ್ತಿದೆ. ಹಸಿರು, ಅಂದರೆ ಅನಾಂಡಮೈಡ್, ಮಂಕಾಯಿತು. ನೀಲಿ ಸಿಆರ್‌ಎಚ್ ಹತ್ತಿತು, ಹಿಂದೆಯೇ ಕೆಂಪು. 25 ಸೆಕೆಂಡ್ ಸುಮಾರಿಗೆ ಕೆಂಪು ಪೂರ್ತಿ ಉರಿಯಿತು. ಅಷ್ಟೊತ್ತಿಗೆ ಹಳದಿ 2-ಎಜಿ ಮೆಲ್ಲಗೆ ಕಣ್ಣು ಬಿಟ್ಟಿತು, ನೀಲಿ ಪಕ್ ಅಂತ ಆರಿತು. ಕೆಂಪು ಮಾತ್ರ ಇನ್ನೂ ಉರಿಯುತ್ತಿತ್ತು, ನನಗೆ ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಬ್ರೇಕ್ ಅನ್ನೋದು ನೀರಿನ ನಲ್ಲಿಯನ್ನು ನಿಲ್ಲಿಸುತ್ತದೆ, ತುಂಬಿದ ಬಕೆಟ್ ಖಾಲಿ ಮಾಡುವುದಿಲ್ಲ. ನಾಲ್ಕು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಆರಿತು.

ಬೋರ್ಡಿನಲ್ಲಿ ಸಿಬಿ1 ಕೆಲಸ ಮಾಡುವ ಚಿಪ್ಪನ್ನು ಸಾಕೆಟ್‌ನಿಂದ ಕಿತ್ತು ನೋಡಿದೆ. ನೀಲಿ ಆರಲೇ ಇಲ್ಲ. ರಿಮೋನಬಾಂಟ್ ಅಂತ ಸಿಬಿ1 ಮುಚ್ಚುವ ಒಂದು ಬೊಜ್ಜಿನ ಮಾತ್ರೆಗೆ ಯುರೋಪಿನಲ್ಲಿ 2006ರಲ್ಲಿ ಅನುಮತಿ ಸಿಕ್ಕಿತ್ತು. ಖಿನ್ನತೆ, ಆತಂಕ ಕಾಣಿಸಿಕೊಂಡು 2008ರಲ್ಲಿ ಮಾರಾಟ ನಿಲ್ಲಿಸಿದರು. ಸಾಕೆಟ್ ಖಾಲಿ ಇದ್ದ ಬೋರ್ಡ್ ನೋಡುವಾಗ ಅದೇ ನೆನಪಾಯಿತು. ನನ್ನ ಬೋರ್ಡಿಗೆ ಆತಂಕ ಆಗುವುದಿಲ್ಲ ಬಿಡಿ, ಅದು ನನ್ನ ಪಾಲಿಗೆ.

ಮುಂದೆ ಕಾರ್ಟಿಸಾಲ್ ಗಡಿಯಾರ ಮಾಡಬೇಕು. ಕಾರ್ಟಿಸಾಲ್ ಸುಮ್ಮನಿದ್ದಾಗಲೂ ಸುಮಾರು ಗಂಟೆಗೊಮ್ಮೆ ಮಿಡಿಯುತ್ತದೆ, ಬೆಳಿಗ್ಗೆ ಜಾಸ್ತಿ, ರಾತ್ರಿ ಕಡಿಮೆ. ನಾನು ಮೂರು ವಾರ ಬೈದ ಉಯ್ಯಾಲೆಯನ್ನೇ ಅಲ್ಲಿ ಬೇಕೆಂದು ತೂಗಿಸಬೇಕು! ಅದಕ್ಕೂ ಮೊದಲು ಒಂದು ಬಾಕಿ ಇದೆ. ಬಟನ್ ಎರಡನೇ ಸಲ ಒತ್ತಿದರೆ ಕೆಂಪು ಮೊದಲಿನಷ್ಟು ಏರುವುದಿಲ್ಲ. ಬೋರ್ಡು ಒತ್ತಡಕ್ಕೆ ಒಗ್ಗಿಕೊಂಡಿತು ಅಂತ ಕುಣಿದಾಡಿದೆ. ಮೀಟರ್ ಹಿಡಿದರೆ, ಹಳದಿಯ ಕೆಪಾಸಿಟರ್ ಖಾಲಿಯೇ ಆಗಿರಲಿಲ್ಲ. ಹಳೇ ಬ್ರೇಕ್ ಇನ್ನೂ ಒತ್ತಿಕೊಂಡೇ ಇತ್ತು.