ಬದಲಿ ಕರ್ಣ

ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಶುರುವಾದ ಜಗಳ ನಿಟ್ಟೂರು ದಾಟಿತು, ಗುಬ್ಬಿ ದಾಟಿತು, ತುಮಕೂರು ಬಂದರೂ ಮುಗಿಯಲಿಲ್ಲ. ಬೆಳಗಿನ ಆರು ಗಂಟೆ. ರಾತ್ರಿಯೆಲ್ಲಾ ನಿದ್ದೆಗೆಟ್ಟಿದ್ದರೂ ಮನೆಗೆ ಹೋಗೋಕೆ ಯಾರಿಗೂ ಮನಸ್ಸಿಲ್ಲ. ಕಾರು ಹಾಗೇ ಕ್ಯಾತ್ಸಂದ್ರದ ಕಡೆ ಹೋಯಿತು. ತಟ್ಟೆ ಇಡ್ಲಿ ಮುಂದೆ ಕೂತು ಚಿಕ್ಕಪ್ಪ ಇನ್ನು ಮಾತಿಲ್ಲ ಅನ್ನೋ ಹಾಗೆ ಹೇಳಿದರು: "ನೋಡಮ್ಮ, ಕರ್ಣ ಅಂದ್ರೆ ಕಂಠ. ಕಂಠ ಇಲ್ಲ ಅಂದ್ರೆ ಕರ್ಣನೂ ಇಲ್ಲ."

ಆಗಿದ್ದು ಇಷ್ಟು. ನಮ್ಮ ಜಿಲ್ಲೆಯಲ್ಲಿ ಊರಿಂದ ಊರಿಗೆ ಹೋಗಿ ಕುರುಕ್ಷೇತ್ರ ನಾಟಕ ಆಡುವ ಒಂದು ತಂಡ ಇದೆ. ಅದರ ಹಿಂದೆ ನಾವು ಮೂವರು, ಅಂದರೆ ಚಿಕ್ಕಪ್ಪ, ಅವರ ಮಗ ಮತ್ತು ನಾನು, ಈ ವರ್ಷ ಸುತ್ತುತ್ತಾ ಇದ್ದೇವೆ. ಮೊದಲು ನೋಡಿದ್ದು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ. ಅವತ್ತು ತಂಡದ ಖಾಯಂ ಕರ್ಣ. ಎರಡನೇ ಸಲ ತಿಪಟೂರಿನ ಹತ್ತಿರ, ಬಯಲಲ್ಲಿ ಪೆಂಡಾಲ್ ಹಾಕಿ ರಾತ್ರಿಯಿಡೀ ಆಡಿದರು. ಅವತ್ತು ಖಾಯಂ ಕರ್ಣನ ಗಂಟಲು ಕೂತುಬಿಟ್ಟಿತ್ತು. ಯಾವಾಗಲೂ ವಿದುರನ ಪಾತ್ರ ಮಾಡುವವರು ಕರ್ಣನ ಬಣ್ಣ ಹಾಕಿಕೊಂಡು ಬಂದರು.

ನಮ್ಮ ಕಡೆಯ ಕುರುಕ್ಷೇತ್ರ ನೋಡದವರಿಗೆ ಒಂದು ಮಾತು. ಇದು ಮಾತಿನ ನಾಟಕ ಅಲ್ಲ, ಹಾಡಿನ ನಾಟಕ. ಎರಡು ಮಾತಾಡಿದರೆ ಒಂದು ಕಂದ ಪದ್ಯ, ಇನ್ನೆರಡು ಮಾತಿಗೆ ಒಂದು ಮಟ್ಟಿನ ಹಾಡು. ಪಕ್ಕದಲ್ಲಿ ಕಾಲು ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರೇ ಇಡೀ ನಾಟಕದ ಲಗಾಮು ಹಿಡಿದಿರುತ್ತಾರೆ. 1934ರಲ್ಲಿ ಗುಬ್ಬಿ ಕಂಪನಿಯವರು ಆನೆ ಕುದುರೆಗಳನ್ನೇ ತಂದು ಕುರುಕ್ಷೇತ್ರ ಆಡಿದ್ದರು. ಈಗ ಆನೆ ಇಲ್ಲ, ಕುದುರೆ ಇಲ್ಲ, ಆದರೆ ಹಾಡು ಕೇಳೋಕೆ ಜನ ಬೆಳಗಿನ ಜಾವದವರೆಗೂ ಕಂಬಳಿ ಹೊದ್ದು ಕೂತಿರುತ್ತಾರೆ. ಊರಿನವರೇ ಸೇರಿ ಆಡುವಾಗಲಂತೂ ಕರಪತ್ರದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಹೆಸರುಗಳೇ ಇರುತ್ತವೆ. ಒಂದೇ ಪಾತ್ರ, ಒಂದೇ ರಾತ್ರಿ, ಇಬ್ಬರು ಮೂವರು. ಹಾಗಾಗಿ ಹೋಲಿಸಿ ನೋಡೋದು ನಮಗೆ ಹೊಸದಲ್ಲ. ಹೋಲಿಸಬೇಡಿ ಅಂತ ನಾನು ಹೇಳುತ್ತಲೂ ಇಲ್ಲ. ಸರಿಯಾಗಿ ಹೋಲಿಸಿ ಅಂತ ಹೇಳುತ್ತಿದ್ದೇನೆ.

ಖಾಯಂ ಕರ್ಣನ ಗಂಟಲಿನ ಬಗ್ಗೆ ನನ್ನದೂ ಎರಡು ಮಾತಿಲ್ಲ. ಬಿಳಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಕೀಯ ಶ್ರುತಿಯಲ್ಲಿ, ಶುರು ಮಾಡಿ ಮೇಲಿನ ಷಡ್ಜಕ್ಕೆ ಹೋಗಿ ನಿಂತರೆ ಕಲಾಕ್ಷೇತ್ರದ ಕೊನೇ ಸಾಲಿಗೂ ಕೇಳಬೇಕು, ಹಾಗೆ ಹಾಡುತ್ತಾರೆ. ಕೃಷ್ಣ ಬಂದು ಜನ್ಮರಹಸ್ಯ ಹೇಳುವ ಸೀನಿನಲ್ಲಿ ಎರಡು ಸಲ ಒನ್ಸ್ ಮೋರ್ ಬಿತ್ತು. ಎರಡು ಸಲವೂ ಮೊದಲಿನಿಂದ ಹಾಡಿದರು, ಒಂದು ಕಡೆಯೂ ಉಸಿರು ಕದಿಯಲಿಲ್ಲ.

ತಿಪಟೂರಿನಲ್ಲಿ ಏನಾಯಿತು ಅಂದರೆ, ಬದಲಿ ಕರ್ಣ ರಂಗಕ್ಕೆ ಬಂದ ಕೂಡಲೇ ಮೇಷ್ಟ್ರು ಶ್ರುತಿ ಇಳಿಸಿದರು. ಬಿಳಿ ನಾಲ್ಕು ಹೋಗಿ ಕರಿ ಎರಡು. ನಾವು ಮುಂದೆಯೇ ಕೂತಿದ್ದೆವು, ಅವರ ಬೆರಳು ಹಿಂದಕ್ಕೆ ಸರಿದಿದ್ದು ನನಗೆ ಕಾಣಿಸಿತು. ಚಿಕ್ಕಪ್ಪನಿಗೂ ಕಾಣಿಸಿತು, "ಹೋಯ್ತು ಬಿಡು" ಅಂದರು. ನಿಜ ಹೇಳಬೇಕೆಂದರೆ ದರ್ಬಾರ್ ಸೀನಿನಲ್ಲಿ ಈ ಕರ್ಣ ಸಪ್ಪೆಯಾಗಿಯೇ ಇದ್ದರು. ಕೃಷ್ಣನ ಎದುರು ಇನ್ನೂ ಸಪ್ಪೆ. ಚಿಕ್ಕಪ್ಪನ ಮಗ ಚುರುಮುರಿ ತರೋಕೆ ಎದ್ದು ಹೋದ.

ಆಮೇಲೆ ಕುಂತಿ ಬಂದಳು.

ಕುಂತಿ ಮಾಡಿದಾಕೆ ವೃತ್ತಿ ಕಲಾವಿದೆ. ಇವತ್ತು ಒಂದೂರಲ್ಲಿ ದ್ರೌಪದಿ, ನಾಳೆ ಇನ್ನೊಂದೂರಲ್ಲಿ ಕುಂತಿ, ಎದುರಿಗೆ ಯಾರೇ ನಿಂತರೂ ತಮ್ಮ ಪಾತ್ರವನ್ನು ದಡ ಮುಟ್ಟಿಸುವವರು. ಬದಲಿ ಕರ್ಣ ಹಾಕಿಕೊಂಡಿದ್ದು ಖಾಯಂ ಕರ್ಣನ ಡ್ರೆಸ್ಸು. ಅವರು ದಪ್ಪ ಆಳು, ಇವರು ಸಣಕಲು. ಎಡಗಡೆಯ ಭುಜಕೀರ್ತಿ ಮೊದಲಿಂದಲೂ ಜಾರುತ್ತಲೇ ಇತ್ತು, ಅದನ್ನು ಬಲಗೈಯಲ್ಲಿ ಒತ್ತಿ ಹಿಡಿದುಕೊಂಡೇ ಮಾತಾಡುತ್ತಿದ್ದರು. ಕುಂತಿ "ಮಗನೇ" ಅಂದಳು. ಇಲ್ಲಿ ಖಾಯಂ ಕರ್ಣ ಮೈಕಿನ ಕಡೆ ತಿರುಗಿ ಆಲಾಪನೆ ಎತ್ತಿಕೊಳ್ಳುತ್ತಾರೆ. ಇವರು ಎತ್ತಲಿಲ್ಲ. ಸುಮ್ನೆ ನಿಂತರು. ಮೇಷ್ಟ್ರು ಶ್ರುತಿ ಹಿಡಿದೇ ಇದ್ದಾರೆ, ಹಿಂದೆ ಯಾರೋ ಸಿಳ್ಳೆ ಹೊಡೆದರು, ಪದ್ಯ ಮರೆತರೇನೋ ಅಂತ ನನ್ನ ಎದೆ ಹೊಡೆದುಕೊಂಡಿತು. ಭುಜಕೀರ್ತಿ ಹಿಡಿದಿದ್ದ ಕೈ ಸಡಿಲವಾಯಿತು, ಅದು ಜಾರಿ ತೋಳಿಗೆ ಇಳಿಯಿತು. ಆಗ ಕುಂತಿ ಹತ್ತಿರ ಬಂದು, ಸ್ಕೂಲಿಗೆ ಹೊರಟ ಮಗನ ಕಾಲರ್ ಸರಿ ಮಾಡೋ ಹಾಗೆ, ಅದನ್ನು ಮೇಲಕ್ಕೆತ್ತಿ, ದಾರ ಬಿಗಿದು, ಭುಜದ ಮೇಲೆ ಒಂದು ಸಲ ಕೈಯಾಡಿಸಿದಳು. ಆಮೇಲೆ ಕರ್ಣ ಹಾಡಿದರು. ದನಿ ಎತ್ತಲೇ ಇಲ್ಲ. ಮಂದ್ರದಲ್ಲೇ, ತಾಯಿಗೆ ಮಾತ್ರ ಕೇಳಿದರೆ ಸಾಕು ಅನ್ನೋ ಹಾಗೆ.

ಒನ್ಸ್ ಮೋರ್ ಬೀಳಲಿಲ್ಲ. ಚಪ್ಪಾಳೆಯೂ ಬೀಳಲಿಲ್ಲ. ನನ್ನ ಪಕ್ಕ ಕೂತಿದ್ದ ಅಜ್ಜಿ ಕಂಬಳಿಯಲ್ಲಿ ಮುಖ ಒರೆಸಿಕೊಂಡರು.

ಇದನ್ನೇ ನಾನು ಇಡ್ಲಿ ಮುಂದೆ ಹೇಳಿದ್ದು. ಚಿಕ್ಕಪ್ಪ ಒಪ್ಪಲಿಲ್ಲ. ಅದು ನಟನೆ ಅಲ್ಲ, ಡ್ರೆಸ್ಸು ಜಾರಿದ್ದು, ಅಷ್ಟೇ ಅಂದರು. "ಅರ್ಜುನನ ಜೊತೆ ಯುದ್ಧದ ಸೀನ್ ನೋಡ್ಲಿಲ್ವಾ? ಪದ್ಯದ ಮಧ್ಯೆ ಉಸಿರು ಕಟ್ತು." ಕಟ್ಟಿದ್ದು ನಿಜ. ಬೆಳಗಿನ ಜಾವದ ಹೊತ್ತಿಗೆ ಅವರಲ್ಲಿ ತ್ರಾಣ ಉಳಿದಿರಲಿಲ್ಲ, ರಥ ಇಳಿದ ಮೇಲೆ ಹಾಡುವ ವೃತ್ತ ಪದ್ಯದಲ್ಲಿ ಒಂದು ಸಾಲು ನುಂಗಿದರು, ಮೇಷ್ಟ್ರು ಹಾರ್ಮೋನಿಯಂನಲ್ಲೇ ಅದನ್ನು ತುಂಬಿದರು. ಆ ಸೀನು ಖಾಯಂ ಕರ್ಣನದೇ, ಒಪ್ಪಿದೆ. ಆದರೆ ಕುಂತಿಯ ಸೀನು ಇವರದು. ಡ್ರೆಸ್ಸು ಜಾರಿದ್ದು ಆಕಸ್ಮಿಕ ಇರಬಹುದು, ಆಲಾಪನೆ ಬಿಟ್ಟಿದ್ದು ಆಕಸ್ಮಿಕ ಅಲ್ಲ. ಆ ಗಂಟಲಿನ ಜೊತೆ ಪೈಪೋಟಿಗೆ ಇಳಿದರೆ ಸೋಲುತ್ತೇನೆ ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಬೇರೆ ದಾರಿ ಹಿಡಿದರು. ಇಡೀ ಪಾತ್ರ ಒಬ್ಬರದೇ ಆಗಬೇಕು ಅಂತ ಎಲ್ಲಿದೆ?

ನನಗೆ ಬೇಜಾರಾಗಿದ್ದು ಇನ್ನೊಂದಕ್ಕೆ. ಬದಲಿ ಬಂದಿದ್ದಾರೆ ಅಂತ ಮೈಕಿನಲ್ಲಿ ಯಾರೂ ಹೇಳಲಿಲ್ಲ. ಫ್ಲೆಕ್ಸಿನಲ್ಲಿ ಖಾಯಂ ಕರ್ಣನ ಫೋಟೋ, ಕರಪತ್ರದಲ್ಲಿ ಅವರದೇ ಹೆಸರು. ಐನೂರು, ಸಾವಿರ ಕೊಟ್ಟವರ ಹೆಸರೆಲ್ಲಾ ರಾತ್ರಿಯಿಡೀ ಕೂಗಿದ ಮೈಕಿಗೆ ಈ ಒಂದು ಹೆಸರು ಭಾರವಾಯಿತಾ? ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಲ್ಲಿ ಮುಖ್ಯ ಪಾತ್ರಕ್ಕೆ ಬದಲಿ ಬಂದರೆ ಕಾರ್ಯಕ್ರಮದ ಪುಸ್ತಕದೊಳಗೆ ಒಂದು ಚೀಟಿ ಇಟ್ಟು ಹೆಸರು ತಿಳಿಸುತ್ತಾರೆ. ಅಲ್ಲಿ ಅಂಡರ್‌ಸ್ಟಡಿ ಅಂತಲೇ ಒಂದು ಕೆಲಸ. 1954ರಲ್ಲಿ ಶರ್ಲಿ ಮ್ಯಾಕ್ಲೇನ್ ಹಾಗೆ ಬದಲಿಯಾಗಿ ರಂಗಕ್ಕೆ ಹೋದವರು, ಅಲ್ಲಿಂದಲೇ ಸಿನಿಮಾಕ್ಕೆ ಹೋದರು. ನಮ್ಮಲ್ಲೂ ಇದು ಇಲ್ಲದ್ದಲ್ಲ. ಕಂಪನಿ ನಾಟಕದ ಕಾಲದಲ್ಲಿ ಹುಡುಗರು ಸೈಡ್ ವಿಂಗಿನಲ್ಲಿ ನಿಂತು ದೊಡ್ಡವರ ಪಾತ್ರ ಬಾಯಿಪಾಠ ಮಾಡುತ್ತಿದ್ದರು. ಮುತ್ತುರಾಜು ಅನ್ನೋ ಹುಡುಗ, ಆಮೇಲೆ ನಮ್ಮ ರಾಜ್‌ಕುಮಾರ್ ಆದವರು, ಅಪ್ಪ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿ ಇದ್ದವರೇ ಅಲ್ವಾ. ಈ ವಿದುರನೂ ಎಷ್ಟು ರಾತ್ರಿ ಪರದೆ ಪಕ್ಕ ನಿಂತು ಕರ್ಣನ ಪದ್ಯ ಗುನುಗಿಕೊಂಡಿದ್ದರೋ.

ಮೂರನೇ ಸಲ ಕುಣಿಗಲ್ ಕಡೆ ಹೋದೆವು. ಖಾಯಂ ಕರ್ಣ ವಾಪಸ್ ಬಂದಿದ್ದರು, ಗಂಟಲು ಗಂಟೆ ಹೊಡೆದ ಹಾಗಿತ್ತು, ಕೃಷ್ಣನ ಸೀನಿನಲ್ಲಿ ಚಿಕ್ಕಪ್ಪನೇ ಎದ್ದು ನಿಂತು ಒನ್ಸ್ ಮೋರ್ ಕೂಗಿದರು. ನಾನೂ ಚಪ್ಪಾಳೆ ಹೊಡೆದೆ. ಕುಂತಿ ಅದೇ ಕಲಾವಿದೆ. "ಮಗನೇ" ಅಂದ ಮೇಲೆ ಇವರು ಎಂದಿನ ಹಾಗೆ ಮೈಕಿನ ಕಡೆ ತಿರುಗಿ ಆಲಾಪನೆ ಎತ್ತಿಕೊಂಡರು. ಅವರ ಭುಜಕೀರ್ತಿ ಬಿಗಿಯಾಗಿ ಕೂತಿತ್ತು. ಆದರೂ ಆಕೆಯ ಕೈ ಅವರ ಎಡ ಭುಜದ ಮೇಲೆ ಹೋಯಿತು. ಇಲ್ಲದ ದಾರವನ್ನು ಬಿಗಿದು, ಒಂದು ಸಲ ಕೈಯಾಡಿಸಿದಳು. ಕರ್ಣ ಆಲಾಪನೆ ಅರ್ಧಕ್ಕೇ ನಿಲ್ಲಿಸಿ ಆಕೆಯ ಕಡೆ ತಿರುಗಿದರು.

ಚಿಕ್ಕಪ್ಪ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಪರದೆ ಪಕ್ಕದಲ್ಲಿ ಬಿಳಿ ಗಡ್ಡ ಅಂಟಿಸಿಕೊಂಡ ವಿದುರ ನಿಂತಿದ್ದರು.