ಜ್ವರ ಬಿಟ್ಟ ದಿನವೇ ಆಸ್ಪತ್ರೆಗೆ

ಹೋದ ಮಳೆಗಾಲದಲ್ಲಿ ನನ್ನ ತಂಗಿಯ ಮಗನಿಗೆ ಡೆಂಗಿ ಬಂದಿತ್ತು. 103 ಡಿಗ್ರಿ ಜ್ವರ, ಕಣ್ಣಿನ ಹಿಂಭಾಗದಲ್ಲಿ ನೋವು, ಮೈಯೆಲ್ಲ ನೋವು. ಎರಡನೇ ದಿನವೇ ಮಾಡಿಸಿದ ಎನ್‌ಎಸ್‌1 ಪರೀಕ್ಷೆಯಲ್ಲಿ ಕಾಯಿಲೆ ಖಚಿತವಾಯಿತು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಕೂಡದು, ಐಬುಪ್ರೊಫೆನ್ ಮತ್ತು ಆಸ್ಪಿರಿನ್‌ಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ ಎಂದು ತಿಳಿಸಿದ ವೈದ್ಯರು, ಗಂಜಿ, ಎಳನೀರು, ಓಆರ್‌ಎಸ್ ಧಾರಾಳವಾಗಿ ಕುಡಿಸಿ ಮನೆಯಲ್ಲೇ ನೋಡಿಕೊಳ್ಳಲು ಹೇಳಿದರು. ಹೊರಡುವಾಗ ಅವರು ಒತ್ತಿ ಹೇಳಿದ್ದು ಒಂದೇ ಮಾತು: ಜ್ವರ ಬಿಟ್ಟ ಮೇಲಿನ ಎರಡು ದಿನ ಇನ್ನೂ ಹೆಚ್ಚು ಎಚ್ಚರದಿಂದಿರಿ.

ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಾಗಿತ್ತು. ಅಮ್ಮ ದೇವರಿಗೆ ದೀಪ ಹಚ್ಚಿ, ಮೊಮ್ಮಗನಿಗೆಂದು ತಿಳಿಸಾರು ಅನ್ನ ಕಲಸಿ ತಂದರು. ಅವನು ಒಂದು ತುತ್ತೂ ಮುಟ್ಟದೆ ಹೊಟ್ಟೆ ಹಿಡಿದುಕೊಂಡು ಮಲಗಿದ. ಕುಡಿದ ನೀರೂ ವಾಂತಿಯಾಗುತ್ತಿತ್ತು. "ಅಕ್ಕಾ, ಜ್ವರ ಬಿಟ್ಟಿದೆಯಲ್ಲ, ಸುಸ್ತಿಗೆ ಹೀಗಾಗಿರಬಹುದು" ಎಂದಳು ತಂಗಿ. ರಾತ್ರಿಯಿಂದ ಮೂತ್ರಕ್ಕೆ ಹೋಗಿಲ್ಲವೆಂಬುದು ತಿಳಿದ ಮೇಲೆ ನಾವು ತಡಮಾಡದೆ ಹೊರಟೆವು.

ಅಲ್ಲಿ ದಾದಿ ಅವನ ಉಗುರನ್ನು ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ರಕ್ತದ ಬಣ್ಣ ಮರಳುವುದನ್ನೇ ನೋಡುತ್ತ ನಿಂತರು. ಎರಡು ಸೆಕೆಂಡಿನೊಳಗೆ ಮರಳಬೇಕಾದ ಬಣ್ಣ ತಡವಾಗಿ ಬಂತು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರಿತ್ತು. ರಕ್ತದ ನೀರಿನಂಶ ಸಣ್ಣ ರಕ್ತನಾಳಗಳಿಂದ ಹೊರಕ್ಕೆ ಸೋರುವುದರಿಂದ ಉಳಿದ ರಕ್ತ ಗಟ್ಟಿಯಾಗುತ್ತದೆ, ಆ ಸೋರಿಕೆ ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೇ ಶುರುವಾಗುತ್ತದೆ ಎಂದು ವೈದ್ಯರು ವಿವರಿಸಿದರು. ಡ್ರಿಪ್ಪನ್ನೂ ಅಳೆದೇ ಕೊಟ್ಟರು. ಅತಿಯಾದರೆ ಶ್ವಾಸಕೋಶದ ಸುತ್ತ ನೀರು ತುಂಬಿ ಉಸಿರಾಟ ಕಷ್ಟವಾಗುತ್ತದೆಯಂತೆ. ಎರಡು ದಿನ ಕಳೆಯುವಷ್ಟರಲ್ಲಿ ಹುಡುಗ ಚೇತರಿಸಿಕೊಂಡ.

ಫೋನ್ ಮಾಡಿದ ನೆಂಟರೆಲ್ಲ ಕೇಳಿದ್ದು ಪ್ಲೇಟ್‌ಲೆಟ್ ಎಷ್ಟು ಎಂದು, ಹೇಳಿದ್ದು ಪಪ್ಪಾಯಿ ಎಲೆಯ ರಸ ಕುಡಿಸಿ ಎಂದು. ಅವರ ಕಾಳಜಿ ನಿಜವಾದದ್ದೇ, ಆದರೆ ಆ ಒಂದು ಸಂಖ್ಯೆಯ ಹಿಂದೆ ಬಿದ್ದು ರೋಗಿಯ ಮುಖ ನೋಡುವುದನ್ನು ಮರೆಯಬಾರದೆಂದು ನನಗೆ ಬಲವಾಗಿ ಅನಿಸುತ್ತದೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ಥರ್ಮಾಮೀಟರ್ ಏನೇ ತೋರಿಸಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳು ತುಂಬದ ಕೂಸಿಗಂತೂ ಯಾವ ಕಾರಣಕ್ಕೇ ಆಗಲಿ 100.4 ಡಿಗ್ರಿ ಜ್ವರ ಬಂದರೆ ಬೇರೆ ಲಕ್ಷಣಕ್ಕಾಗಿ ಕಾಯುವಂತೆಯೇ ಇಲ್ಲ. ಈಗ ಯಾರ ಮನೆಯಲ್ಲಿ ಡೆಂಗಿ ಎಂದರೂ ನಾನು ಮೊದಲು ಕೇಳುವುದು, ನೀರು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು.