ಕಾನ್ಸಾಸ್ ಸ್ಟೇಟ್ ಫುಟ್‌ಬಾಲ್, ಸೀಸನ್‌ಗೊಂದು ಸಾಲು: ಕೆಲಸ ಎಲ್ಲಿಗೆ ಬಂತು

ಬಿಲ್ ಸ್ನೈಡರ್ ಕೋಚ್ ಆಗಿದ್ದ ಕಾಲದ ಸಾಲುಗಳೆಲ್ಲ ಈ ತಿಂಗಳು ಮುಗಿದವು. ಮೊದಲ ಸುತ್ತು 1989ರಿಂದ 2005, ಎರಡನೆಯದು 2009ರಿಂದ 2018. ಪ್ರತಿ ಸೀಸನ್‌ಗೂ ಒಂದು ಸಾಲು ಅಂಕಿ, ಅದರ ಕೆಳಗೆ ಒಂದು ಪ್ಯಾರಾ ಕನ್ನಡ. ಕಾನ್ಸಾಸ್ ಸ್ಟೇಟ್ ವೈಲ್ಡ್‌ಕ್ಯಾಟ್ಸ್ ತಂಡದ ಪೂರ್ತಿ ಚರಿತ್ರೆಯನ್ನು ಹೀಗೆ ಬರೆದಿಡಲು ಹೊರಟಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಇದು ಅಮೆರಿಕನ್ ಫುಟ್‌ಬಾಲ್. ಎರಡು ತುದಿ ಚೂಪಾದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ತಂಡ ಕಾನ್ಸಾಸ್ ರಾಜ್ಯದ ಮ್ಯಾನ್‌ಹಟನ್ ಎಂಬ ಊರಿನ ವಿಶ್ವವಿದ್ಯಾಲಯದ್ದು. 1863ರಲ್ಲಿ ಕೃಷಿ ಕಾಲೇಜಾಗಿ ಶುರುವಾದ ಸಂಸ್ಥೆ ಅದು. ಓದಲು ಅಲ್ಲಿಗೆ ಹೋದ ನಮ್ಮವರು ಪಂದ್ಯವಿದ್ದ ಶನಿವಾರ ಊರಿಗೆ ಊರೇ ನೇರಳೆ ಬಟ್ಟೆ ತೊಟ್ಟು ಸ್ಟೇಡಿಯಂ ಕಡೆ ನಡೆಯುವುದನ್ನು ನೋಡುತ್ತಾರೆ. ಆ ಸಂಭ್ರಮ ಎಲ್ಲಿಂದ ಬಂತೆಂದು ಅವರು ಕನ್ನಡದಲ್ಲೇ ಓದುವಂತಾಗಬೇಕು ಎಂಬುದು ನನ್ನ ಆಸೆ.

ಕಾಲಂಗಳ ವಿಚಾರ

ಗೆಲುವು, ಸೋಲು, ಟೈ, ಕೋಚ್, ಲೀಗ್, ಬೌಲ್ ಪಂದ್ಯ. ಇಷ್ಟೇ ಕಾಲಂ. ಬೌಲ್ ಅಂದರೆ ಸೀಸನ್ ಚೆನ್ನಾಗಿ ಆಡಿದ ತಂಡಗಳಿಗೆ ಕೊನೆಯಲ್ಲಿ ಸಿಗುವ ಒಂದು ವಿಶೇಷ ಪಂದ್ಯ. ಅದು ಎಷ್ಟೋ ಸಲ ಜನವರಿಯಲ್ಲಿ ನಡೆಯುತ್ತದೆ, ಆದರೆ ಲೆಕ್ಕಕ್ಕೆ ಸೇರುವುದು ಹಿಂದಿನ ವರ್ಷದ ಸೀಸನ್‌ಗೆ. 2012ರ ಸಾಲಿನಲ್ಲಿರುವ ಫಿಯೆಸ್ಟಾ ಬೌಲ್ ನಡೆದದ್ದು 2013ರ ಜನವರಿಯಲ್ಲಿ.

ಟೈ ಕಾಲಂ 1995ಕ್ಕೆ ನಿಂತುಹೋಗುತ್ತದೆ. 1996ರಿಂದ ಓವರ್‌ಟೈಮ್ ಬಂತು, ಸಮಬಲದ ಮಾತೇ ಇಲ್ಲ. ಸ್ನೈಡರ್ ಅವರ ಒಟ್ಟು ದಾಖಲೆ 215 ಗೆಲುವು, 117 ಸೋಲು, 1 ಟೈ. ಆ ಒಂದು ಟೈ 1993ರಲ್ಲಿ ಕೊಲೊರಾಡೊ ವಿರುದ್ಧ 16-16ರಲ್ಲಿ ಮುಗಿದ ಪಂದ್ಯ.

ಅಂಕಿಯ ಕೆಳಗೆ ಪ್ಯಾರಾ ಬೇಕೇಬೇಕು ಎಂದು ನಾನು ಹಟ ಹಿಡಿದದ್ದು 1981ರ ಸಾಲಿನಿಂದ. 2 ಗೆಲುವು, 9 ಸೋಲು. ಅಷ್ಟನ್ನೇ ನೋಡಿದರೆ ಇನ್ನೊಂದು ಹಾಳು ವರ್ಷ. ನಡೆದದ್ದು ಬೇರೆ. ಕೋಚ್ ಜಿಮ್ ಡಿಕಿ ಆ ವರ್ಷ ಒಳ್ಳೊಳ್ಳೆಯ ಸೀನಿಯರ್ ಆಟಗಾರರು ಹಲವರನ್ನು ಬೇಕೆಂದೇ ಆಡಿಸದೆ ಕೂರಿಸಿದರು. ರೆಡ್‌ಶರ್ಟ್ ಮಾಡುವುದು ಎನ್ನುತ್ತಾರೆ. ಆಡದ ವರ್ಷ ಆಟಗಾರನ ನಾಲ್ಕು ವರ್ಷದ ಅವಧಿಯಲ್ಲಿ ಎಣಿಕೆಯಾಗುವುದಿಲ್ಲ. ಅವರೆಲ್ಲ 1982ರಲ್ಲಿ ಒಟ್ಟಿಗೆ ಇಳಿದರು. 6-5-1 (ಗೆಲುವು-ಸೋಲು-ಟೈ) ಆಯಿತು, ತಂಡದ ಚರಿತ್ರೆಯಲ್ಲೇ ಮೊದಲ ಬೌಲ್ ಸಿಕ್ಕಿತು. ಇಂಡಿಪೆಂಡೆನ್ಸ್ ಬೌಲ್‌ನಲ್ಲಿ ವಿಸ್ಕಾನ್ಸಿನ್‌ಗೆ 14-3ರಲ್ಲಿ ಸೋತರು, ಇರಲಿ. 1981ನ್ನು 1982ರ ಜೊತೆ ಇಟ್ಟು ಓದದಿದ್ದರೆ ಎರಡೂ ಅರ್ಥವಾಗುವುದಿಲ್ಲ.

1987, 1988, 1989

ಬರೆಯಲು ಅತ್ಯಂತ ಕಷ್ಟವಾದ ಮೂರು ಸಾಲು ಇವು, ನನಗೆ ಅತ್ಯಂತ ಪ್ರಿಯವಾದವೂ ಇವೇ. 1987ರಲ್ಲಿ 0-10-1. ಆ ಒಂದು ಟೈ ಪಕ್ಕದ ಲಾರೆನ್ಸ್ ಊರಿನ ಯೂನಿವರ್ಸಿಟಿ ಆಫ್ ಕಾನ್ಸಾಸ್ ವಿರುದ್ಧ, 17-17. ಗೆಲ್ಲಿಸಬಹುದಾಗಿದ್ದ ಕೊನೆಯ ಕಿಕ್ಕನ್ನು ಎದುರಾಳಿ ತಡೆದುಬಿಟ್ಟ. 1988ರಲ್ಲಿ 0-11. ಅಮೆರಿಕದ ಮೇಲ್ದರ್ಜೆಯ ಕಾಲೇಜು ತಂಡಗಳಲ್ಲಿ 500 ಸೋಲು ಕಂಡ ಮೊದಲ ತಂಡ ಇದೇ.

ಅಂಥ ಹೊತ್ತಿನಲ್ಲಿ ಐಯೊವಾದಲ್ಲಿ ಹೇಡನ್ ಫ್ರೈ ಕೈಕೆಳಗೆ ದಾಳಿಯ ವಿಭಾಗ ನೋಡಿಕೊಳ್ಳುತ್ತಿದ್ದ ಸ್ನೈಡರ್ ಬಂದರು. ಮೊದಲ ವರ್ಷದ ಫಲಿತಾಂಶ 1-10. 1989ರ ಸೆಪ್ಟೆಂಬರ್ 30ರಂದು ನಾರ್ತ್ ಟೆಕ್ಸಸ್ ವಿರುದ್ಧ, ಪಂದ್ಯದ ಕಟ್ಟಕಡೆಯ ಎಸೆತದಲ್ಲಿ, ಕಾರ್ಲ್ ಸ್ಟ್ರಾ ಎಸೆದ ಚೆಂಡನ್ನು ಫ್ರ್ಯಾಂಕ್ ಹೆರ್ನಾಂಡೆಜ್ ಎದುರಾಳಿಯ ತುದಿಗೆರೆ ದಾಟಿ ಅಂಕ ಗಳಿಸುವ ಟಚ್‌ಡೌನ್‌ಗೆ ಹಿಡಿದ. 20-17. 1986ರ ಅಕ್ಟೋಬರ್ ಆದಮೇಲೆ ಕಂಡ ಮೊದಲ ಗೆಲುವು ಅದು. ನಡುವೆ 30 ಪಂದ್ಯ ಗೆಲುವಿಲ್ಲದೆ ಹೋಗಿದ್ದವು. ನಾರ್ತ್ ಟೆಕ್ಸಸ್ ಆಗ ಕೆಳಗಿನ ದರ್ಜೆಯ ತಂಡ ಎನ್ನುವುದನ್ನೂ ಬರೆದಿದ್ದೇನೆ. ಅದರಿಂದ ಗೆಲುವಿನ ಬೆಲೆ ನನ್ನ ಕಣ್ಣಿಗೆ ಕಡಿಮೆಯಾಗುವುದಿಲ್ಲ.

ಆಮೇಲಿನ ಸಾಲುಗಳು 5-6, 7-4, ಮತ್ತೆ 5-6, ಆಮೇಲೆ 9-2-1. 1993ರ ಕೊನೆಗೆ ಕಾಪರ್ ಬೌಲ್‌ನಲ್ಲಿ ವಯೋಮಿಂಗ್ ವಿರುದ್ಧ 52-17, ತಂಡದ ಮೊದಲ ಬೌಲ್ ಗೆಲುವು. ಸ್ನೈಡರ್ ಲೀಗ್ ಹೊರಗಿನ ಪಂದ್ಯಗಳಿಗೆ ಹಗುರ ಎದುರಾಳಿಗಳನ್ನು ಆರಿಸಿಕೊಂಡರು, ಎರಡು ವರ್ಷದ ಜೂನಿಯರ್ ಕಾಲೇಜುಗಳಿಂದ ಆಟಗಾರರನ್ನು ಕರೆತಂದರು. ಇದನ್ನು ಆಕ್ಷೇಪಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಗೆಲ್ಲುವುದನ್ನೇ ಮರೆತಿದ್ದ ಹುಡುಗರಿಗೆ ಮೊದಲು ಗೆಲುವಿನ ರುಚಿ ಹತ್ತಿಸಬೇಕಿತ್ತು; ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

1998

ಇದೊಂದು ಸಾಲಿನ ಪ್ಯಾರಾ ಎರಡು ಪುಟ ದಾಟಿತು. ಮೊಟಕು ಮಾಡಲಿಲ್ಲ.

ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಆಟಗಾರ) ಮೈಕಲ್ ಬಿಷಪ್, ಟೆಕ್ಸಸ್‌ನ ಬ್ಲಿನ್ ಎಂಬ ಜೂನಿಯರ್ ಕಾಲೇಜಿನಿಂದ ಬಂದವನು. ನವೆಂಬರ್‌ನಲ್ಲಿ ನೆಬ್ರಾಸ್ಕಾವನ್ನು 40-30ರಿಂದ ಸೋಲಿಸಿದರು. 1968ರಿಂದ ಆ ತಂಡದ ಮೇಲೆ ಒಂದೂ ಗೆಲುವಿರಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ಗೆದ್ದು ಬಿಗ್ 12 ಲೀಗಿನ ಫೈನಲ್‌ಗೆ ಬಂದರು. ಡಿಸೆಂಬರ್ 5, ಸೇಂಟ್ ಲೂಯಿಸ್, ಎದುರಾಳಿ ಟೆಕ್ಸಸ್ ಎ ಅಂಡ್ ಎಂ. ಅದೇ ದಿನ, ರಾಷ್ಟ್ರೀಯ ಪ್ರಶಸ್ತಿಯ ಪೈಪೋಟಿಯಲ್ಲಿದ್ದ ಇನ್ನೊಂದು ತಂಡ ಯುಸಿಎಲ್‌ಎ ಮಯಾಮಿಯಲ್ಲಿ ಸೋತಿತ್ತು. ಇಲ್ಲಿ ಗೆದ್ದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯ ಕೈಗೆ ಬಂದಹಾಗೇ. ನಾಲ್ಕನೇ ಕ್ವಾರ್ಟರ್‌ನಲ್ಲಿ 27-12 ಮುಂದಿದ್ದರು. ಎರಡನೇ ಓವರ್‌ಟೈಮ್‌ನಲ್ಲಿ 36-33ರಿಂದ ಸೋತರು.

ಸೋಲಿಗಿಂತ ನನಗೆ ಹೊಟ್ಟೆ ಉರಿಸುವುದು ಆಮೇಲಿನದು. ದೇಶದ ಮೂರನೇ ರ‍್ಯಾಂಕ್ ಇದ್ದರೂ ದೊಡ್ಡ ಬೌಲ್‌ಗಳು ಒಂದೂ ಈ ತಂಡವನ್ನು ಕರೆಯಲಿಲ್ಲ. ಅಲಾಮೊ ಬೌಲ್‌ಗೆ ಹೋಗಿ, ಡ್ರೂ ಬ್ರೀಸ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ಪರ್ಡ್ಯೂ ಎದುರು ಕೊನೆಯ ನಿಮಿಷದಲ್ಲಿ 37-34ರಿಂದ ಸೋತರು. ಮೂರನೇ ರ‍್ಯಾಂಕಿನ ತಂಡವನ್ನು ಹೀಗೆ ಬಿಡುವಂತಿಲ್ಲ ಎಂಬ ನಿಯಮ ಮರುವರ್ಷವೇ ಬಂತು. ಅದನ್ನು ಕಾನ್ಸಾಸ್ ಸ್ಟೇಟ್ ನಿಯಮ ಎಂದೇ ಕರೆಯುತ್ತಾರೆ. ಕೋಷ್ಟಕದಲ್ಲಿ ಇದೆಲ್ಲದಕ್ಕೆ ಇರುವ ಜಾಗ 11-2 ಅಷ್ಟೇ. 1997 ಮತ್ತು 1999ರ ಸಾಲುಗಳಲ್ಲಿ 11-1 ಎಂದಿದೆ. ಅಂಕಿಯಲ್ಲಿ ಅವೇ ಮೇಲು. ಅಭಿಮಾನಿಗಳು ಮಾತಾಡುವುದು ಮಾತ್ರ 1998ರ ಬಗ್ಗೆ.

2003

ನಡುವೆ ಸತತ ಮೂರು ಪಂದ್ಯ ಸೋತ ಸೀಸನ್. ಆಮೇಲೆ ಎಲ್ಲವನ್ನೂ ಗೆಲ್ಲುತ್ತ ಫೈನಲ್‌ಗೆ ಬಂದು, ಕಾನ್ಸಾಸ್ ಸಿಟಿಯಲ್ಲಿ ಒಂದನೇ ರ‍್ಯಾಂಕಿನ, ಅಲ್ಲಿಯವರೆಗೆ ಸೋಲೇ ಕಾಣದ ಒಕ್ಲಹೋಮಾವನ್ನು 35-7ರಿಂದ ಮಣಿಸಿದರು. ಡ್ಯಾರನ್ ಸ್ಪ್ರೋಲ್ಸ್ 235 ಯಾರ್ಡ್ ಓಡಿದ. 1934ರ ನಂತರದ ಮೊದಲ ಲೀಗ್ ಪ್ರಶಸ್ತಿ. ಒಕ್ಲಹೋಮಾದ ಕೋಚ್ ಬಾಬ್ ಸ್ಟೂಪ್ಸ್, 1989ರಲ್ಲಿ ಸ್ನೈಡರ್ ಜೊತೆಗೇ ಮ್ಯಾನ್‌ಹಟನ್‌ಗೆ ಬಂದ ಸಹಾಯಕರಲ್ಲಿ ಒಬ್ಬರು. ಆ 1-10ರ ಸಾಲಿನಿಂದ ಇಲ್ಲಿಗೊಂದು ಕೊಂಡಿ ಹಾಕಿದ್ದೇನೆ.

2004, 2005 ಎರಡೂ ಸಪ್ಪೆ: 4-7, 5-6. ಸ್ನೈಡರ್ ನಿವೃತ್ತರಾದರು, ಸ್ಟೇಡಿಯಂಗೆ ಅವರ ಕುಟುಂಬದ ಹೆಸರು ಬಂತು. ಅವರ ನಂತರ ಕೋಚ್ ಆದ ರಾನ್ ಪ್ರಿನ್ಸ್ ಅವರ ಮೂರು ವರ್ಷ ಇನ್ನೂ ಬರೆದಿಲ್ಲ.

ಎರಡನೇ ಸುತ್ತು

69ರ ವಯಸ್ಸಿನಲ್ಲಿ ಸ್ನೈಡರ್ ಮತ್ತೆ ಬಂದರು. 2012ರಲ್ಲಿ ಕಾಲಿನ್ ಕ್ಲೈನ್ ಕ್ವಾರ್ಟರ್‌ಬ್ಯಾಕ್. ಮೊದಲ ಹತ್ತೂ ಗೆದ್ದು ರ‍್ಯಾಂಕಿಂಗಿನಲ್ಲಿ ಒಂದನೇ ಸ್ಥಾನಕ್ಕೆ ಏರಿದರು. ನವೆಂಬರ್‌ನಲ್ಲಿ ಬೇಲರ್ ಎದುರು 52-24ರ ಸೋಲು ರಾಷ್ಟ್ರೀಯ ಪ್ರಶಸ್ತಿಯ ಬಾಗಿಲು ಮುಚ್ಚಿತು. ಲೀಗ್ ಪ್ರಶಸ್ತಿ ಉಳಿಯಿತು.

2013ರ ಮೊದಲ ಪಂದ್ಯವೇ ಕೆಳದರ್ಜೆಯ ನಾರ್ತ್ ಡಕೋಟಾ ಸ್ಟೇಟ್‌ಗೆ ಸೋಲು, 24-21. ಆ ತಂಡದ ರಕ್ಷಣೆಯ ವಿಭಾಗ ನೋಡಿಕೊಳ್ಳುತ್ತಿದ್ದವರು ಕ್ರಿಸ್ ಕ್ಲೀಮನ್. 2019ರಲ್ಲಿ ಸ್ನೈಡರ್ ಜಾಗಕ್ಕೆ ಬಂದವರೂ ಅವರೇ. 2022ರಲ್ಲಿ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ವಿರುದ್ಧ ಓವರ್‌ಟೈಮ್‌ನಲ್ಲಿ 31-28ರಿಂದ ಗೆದ್ದು ಮತ್ತೆ ಬಿಗ್ 12 ಚಾಂಪಿಯನ್ ಆದಾಗ ದಾಳಿಯ ತಂತ್ರ ರೂಪಿಸುತ್ತಿದ್ದವನು ಕಾಲಿನ್ ಕ್ಲೈನ್. ಹೀಗೆ ಒಂದು ಸಾಲು ಇನ್ನೊಂದರ ಬೆನ್ನು ಹಿಡಿದು ಬರುವುದನ್ನು ನೋಡುವುದೇ ಈ ಕೆಲಸದ ನಿಜವಾದ ಸುಖ.

ಮುಂದೆ

ಈಗ ಕೈಯಲ್ಲಿರುವುದು 1934. ಪ್ಯಾಪಿ ವಾಲ್ಡಾರ್ಫ್ ಬಂದು ಒಂದೇ ಸೀಸನ್ ಕೋಚ್ ಆಗಿ, ಆಗಿನ ಲೀಗ್ ಆದ ಬಿಗ್ ಸಿಕ್ಸ್ ಪ್ರಶಸ್ತಿ ಗೆಲ್ಲಿಸಿ, ನಾರ್ತ್‌ವೆಸ್ಟರ್ನ್‌ಗೆ ಹೊರಟುಹೋದರು. ಅದಾದಮೇಲೆ ವಿನ್ಸ್ ಗಿಬ್ಸನ್ ಕಾಲ: 1969ರಲ್ಲಿ ಲಿನ್ ಡಿಕಿ ಕ್ವಾರ್ಟರ್‌ಬ್ಯಾಕ್ ಆಗಿ ಒಕ್ಲಹೋಮಾವನ್ನು 59-21ರಿಂದ ಬಡಿದ ಪಂದ್ಯ. 1940ರ ದಶಕದ ಕೊನೆಯ ಗೆಲುವಿಲ್ಲದ ವರ್ಷಗಳನ್ನು ಅವಸರದಲ್ಲಿ ಬರೆಯಲಾರೆ, ಅವು ಚಳಿಗಾಲಕ್ಕೆ.